ಖಬರಗೇಡಿಯ ಫೈಲು

೪-೧೧-೨೦೨೪, ಸೋಮವಾರ. ಆಫೀಸು, ಬೆಳಿಗ್ಗೆ ೧೧-೩೦

ಪಾಸ್‌ಪೋರ್ಟ್ ವೆರಿಫಿಕೇಶನ್ ಒಂಬತ್ತು. ಬಾಡಿಗೆದಾರರ ಮಾಹಿತಿ ನಾಲ್ಕು. ಸೀಲಿನ ಪ್ಯಾಡು ಒಣಗಿ ಎರಡು ತಿಂಗಳು. ಹೊಸದು ಕೇಳಿದರೆ ಇಂಡೆಂಟ್ ಹಾಕಿ ಎನ್ನುತ್ತಾರೆ. ಇಂಡೆಂಟ್ ಮೇಲೆ ಸೀಲು ಬೇಕಂತೆ!

ಲಕ್ಕಪ್ಪ ಟಪಾಲು ತಂದ. ನಮ್ಮ ಕಾನ್‌ಸ್ಟೇಬಲ್, ಮುಂಡರಗಿಯವನು. ಬಸ್ಸಿನಲ್ಲಿ ಸೀಟು ಹಿಡಿಯುವ ದನಿಯಲ್ಲೇ ಆಫೀಸಿನಲ್ಲೂ ಮಾತು. 'ರೋಜಾ ಮೇಡಮ್ಮಾರ, ಅತೀ ಗುಪ್ತ ಬಂದೈತ್ರಿ!' ಎಂದು ಬಾಗಿಲಿಂದಲೇ ಕೂಗಿದ. ಪಾಸ್‌ಪೋರ್ಟಿಗೆ ಬಂದು ಕೂತವರೆಲ್ಲ ತಿರುಗಿ ನೋಡಿದರು. ದೇಶದ ಗುಟ್ಟು ಗದಗಿಗೆ ಬರುವುದು ಹೀಗೆ.

ದಿಲ್ಲಿಯಲ್ಲಿ ಗುಟ್ಟಿನ ಕಚೇರಿ ಎರಡು. ಪರದೇಶದ ಗುಟ್ಟು ತರುವುದು ಒಂದರ ಕೆಲಸ. ನಮ್ಮ ಗುಟ್ಟು ಪರದೇಶಕ್ಕೆ ಹೋಗದಂತೆ ಕಾಯುವುದು ಇನ್ನೊಂದರದು. ಹೊರಗಿನ ಕಚೇರಿ, ಒಳಗಿನ ಕಚೇರಿ ಎಂದು ಬರೆದುಕೊಳ್ಳುತ್ತೇನೆ. ಇವತ್ತಿನದು ಹೊರಗಿನದು, ಬೆಂಗಳೂರಿನ ಮೂಲಕ ಬಂದದ್ದು.

ತನ್ವೀರ ನದಾಫ, ವಯಸ್ಸು ೩೧, ಊರು ಲಕ್ಷ್ಮೇಶ್ವರ. ಕೊಲ್ಲಿ ದೇಶವೊಂದರಲ್ಲಿ ಡ್ರೈವರ್. ಬಂದರಿಗೆ ಬರುವ ಹಡಗುಗಳಿಗೆ ದಿನಸಿ, ತರಕಾರಿ ಒಯ್ಯುವ ಗಾಡಿ. ಕುಡಿತ ಇದೆಯೇ, ಮನೆಯಲ್ಲಿ ಜಗಳ ಇದೆಯೇ, ತಾಯಿಯ ಮೇಲೆ ಪ್ರೀತಿ ಇದೆಯೇ — ಹನ್ನೊಂದು ಕಾಲಂ. ಕೊನೆಯದು: 'ನಂಬಿಕೆಗೆ ಅರ್ಹನೇ?' ಯಾಕೆ ಎಂಬುದಕ್ಕೆ ಕಾಲಂ ಇಲ್ಲ.

ಹೇಳುವುದು ಬೇಡ, ಗೊತ್ತು. ಬಂದರಿನ ಗೇಟಿನೊಳಗೆ ಹೋಗುವ ಪಾಸು ಅವನ ಜೇಬಿನಲ್ಲಿದೆ. ಒಳಗೆ ಯಾವ ಹಡಗು ಬಂತು, ಏನು ಇಳಿಯಿತು — ನೋಡಿ ಹೇಳುವವನೊಬ್ಬ ಇವರಿಗೆ ಬೇಕು. ತಾಯಿಯ ಪ್ರೀತಿಯ ಕಾಲಂ ಮತ್ತೊಮ್ಮೆ ಓದಿದೆ. ಪ್ರೀತಿ ಇದ್ದವನನ್ನು ಹಿಡಿದಿಡುವುದು ಸಲೀಸು, ಅದಕ್ಕೇ ಕೇಳುತ್ತಾರೆ. ಹೇಸಿಗೆ.

೬-೧೧-೨೦೨೪, ಬುಧವಾರ. ಸಂಜೆ ೬

ಲಕ್ಷ್ಮೇಶ್ವರಕ್ಕೆ ಹೋಗಿಬಂದೆ. ಯೂನಿಫಾರ್ಮ್ ಇಲ್ಲ. 'ಪಾಸ್‌ಪೋರ್ಟ್ ರಿನೀವಲ್ ತಪಾಸಣೆ' ಎಂಬ ಸುಳ್ಳು.

ತಾಯಿ ಹಸೀನಾಬಿ. ಗಂಡ ತೀರಿ ಎಂಟು ವರ್ಷ. ಗಾದಿ ಹೊಲಿಯುವ ಮನೆ. ಪಡಸಾಲೆ ತುಂಬ ಹತ್ತಿ. ಅವರ ಕೂದಲಲ್ಲಿ ಹತ್ತಿ, ನನ್ನ ಸೀರೆಗೆ ಹತ್ತಿ, ಚಾದ ಕಪ್ಪಿನಲ್ಲೂ ಒಂದೆಳೆ. ನದಾಫರ ಮನೆಮಾತು ಕನ್ನಡ. ಇವರದು ನನಗಿಂತ ಚೊಕ್ಕ.

'ಬರ್ರಿ ಅಕ್ಕಾರ, ಕುಂಡ್ರಿ. ಆ ಹತ್ತಿ ಮ್ಯಾಲ ಕುಂಡ್ರಿ, ನೆಲಾ ತಣ್ಣಗೈತಿ.'

ತಪಾಸಣೆ ಎಂದದ್ದೇ ತಡ, ಮಗನಿಗೇ ವಿಡಿಯೊ ಕಾಲ್ ಹಚ್ಚಿದರು. ಆ ಕಡೆ ಗಾಡಿಯೊಳಗೆ ಕೂತಿದ್ದ.

'ಏ ಖಬರಗೇಡಿ, ಅಂಗಿ ಗುಂಡಿ ಹಾಕ್ಕೋ ಮೊದ್ಲ! ಸರಕಾರದ ಅಕ್ಕಾರು ಬಂದಾರ. ನಾಷ್ಟಾ ಆತೇನು? ಮೊನ್ನಿ ಪಾಕೀಟ ಹೋಟೆಲ್ನಾಗ ಬಿಟ್ಟ ಬಂದಿದ್ದೆಲ್ಲ, ಸಿಕ್ತೋ ಇಲ್ಲೋ? ಖಬರಗೇಡಿ!'

ತನ್ವೀರ ನಕ್ಕ. 'ನಮಸ್ಕಾರ್ರಿ ಅಕ್ಕಾರ. ನಮ್ಮವ್ವಗ ನನ್ನ ಹೆಸರ ಮರತೈತ್ರಿ, ಅದಕ್ಕ ಇದನ್ನ ಇಟ್ಟಾಳ.'

ಹತ್ತು ನಿಮಿಷದಲ್ಲಿ ಹದಿನೈದು ಸಲವಾದರೂ ಬಂತು ಆ ಮಾತು. ಖಬರಗೇಡಿ ಎಂದರೆ ಮೈಮೇಲೆ ಎಚ್ಚರವಿಲ್ಲದವನು. ನಮ್ಮವ್ವ ನನಗೂ ಹಾಗೇ ಅನ್ನುತ್ತಿದ್ದಳು. ಬೈಗುಳ ಎನ್ನುವುದು ಹೆಸರಿಗೆ, ಇರುವುದೆಲ್ಲ ಮುದ್ದು.

ಮಾರ್ಚ್‌ನಲ್ಲಿ ತಂಗಿ ಫರ್ಹಾನಾಳ ಲಗ್ನ, ಅದಕ್ಕೆ ಬರುತ್ತಾನಂತೆ. ಹೊರಡುವಾಗ ಹಸೀನಾಬಿ ನನ್ನ ನಂಬರ್ ಕೇಳಿದರು. ಕೊಟ್ಟೆ. ಕೊಡಬಾರದಿತ್ತು.

೭-೧೧-೨೦೨೪, ಗುರುವಾರ

ಕಾಲಂ ತುಂಬಿಸಿದೆ. ಕುಡಿತ ಇಲ್ಲ. ಜಗಳ ಇಲ್ಲ. ತಾಯಿಯ ಮೇಲೆ ಪ್ರೀತಿ ಇದೆ. ನಂಬಿಕೆಗೆ ಅರ್ಹ.

ಒಂದಕ್ಷರ ಸುಳ್ಳಿಲ್ಲ. ಆದರೂ ಬೆಳಗಿನಿಂದ ಬಾಯಿ ಕಹಿ.

೧೫-೧೨-೨೦೨೪, ರವಿವಾರ. ಮಧ್ಯಾಹ್ನ

ಹಸೀನಾಬಿ ಫೋನು. ರೊಟ್ಟಿ ಬಡಿಯುತ್ತಿದ್ದೆ, ಹಿಟ್ಟಿನ ಕೈಯಲ್ಲೇ ಎತ್ತಿದೆ.

'ಅಕ್ಕಾರ, ನೀವು ಬಂದ ಹೋದದ್ದ ಛಲೋ ಆತ್ರಿ. ತನ್ವೀರಗ ಅಲ್ಲಿ ಒಬ್ರು ದೋಸ್ತ ಸಿಕ್ಕಾರಂತ. ದಿಲ್ಲಿ ಕಡೆಯವ್ರು. ಶುಕ್ರವಾರಕ್ಕೊಮ್ಮಿ ನಮಾಜ ಮುಗದ ಮ್ಯಾಲ ಚಾಕ್ಕ ಕರೀತಾರಂತ. ದೊಡ್ಡ ಮಂದಿ, ಆದ್ರ ಸೊಕ್ಕಿಲ್ಲಂತ. ಹೊಸಾ ಫೋನೂ ಕೊಡ್ಸ್ಯಾರ್ರಿ.'

'ಛಲೋ ಆತ್ ಬಿಡ್ರಿ' ಎಂದೆ. ಇನ್ನೇನು ಅನ್ನಲಿ?

ಅಂದರೆ ಗಾಳಕ್ಕೆ ಬಿದ್ದ. ಎರೆಹುಳ ಸಿಕ್ಕಿಸಿದ್ದು ನಾನು. ಸುಭಾಷ ಊಟಕ್ಕೆ ಕೂತಿದ್ದರು, 'ಯಾರದು ಫೋನು?' ಎಂದರು. ನನ್ನ ಗಂಡನಿಗೆ ನಾನು ಏನು ಕೆಲಸ ಮಾಡುತ್ತೇನೆಂದು ಇಪ್ಪತ್ತೇಳು ವರ್ಷದಲ್ಲಿ ಸರಿಯಾಗಿ ಹೇಳಿಲ್ಲ. ಗಾದಿ ಹೊಲಿಯುವವರು ಎಂದೆ.

೨೦-೧-೨೦೨೫, ಸೋಮವಾರ. ಆಫೀಸು, ಊಟದ ಹೊತ್ತು

ಊಟ ಮಾಡಿಲ್ಲ. ಡಬ್ಬಿ ತೆರೆದು ಮುಚ್ಚಿಟ್ಟೆ.

ಮತ್ತೊಂದು ಅತೀ ಗುಪ್ತ. ಈ ಸಲ ಒಳಗಿನ ಕಚೇರಿಯಿಂದ. ಅದೇ ತನ್ವೀರ ನದಾಫ! 'ಪ್ರತಿ ಶುಕ್ರವಾರ ಅಪರಿಚಿತನೊಬ್ಬನನ್ನು ಚಹಾದಂಗಡಿಯಲ್ಲಿ ಭೇಟಿಯಾಗುತ್ತಾನೆ. ಆತ ಶತ್ರುದೇಶದ ಗೂಢಚಾರನಿರಬಹುದು. ಆತನಿಂದ ಹೊಸ ಫೋನ್ ಪಡೆದಿದ್ದಾನೆ.'

ಆ ಅಪರಿಚಿತ ಹೊರಗಿನ ಕಚೇರಿಯವನು. ನಮ್ಮವನೇ! ಇವರ ಕಚೇರಿಗೂ ಅವರ ಕಚೇರಿಗೂ ದಿಲ್ಲಿಯಲ್ಲಿ ನಡುವೆ ಒಂದು ರಸ್ತೆ ಇರಬಹುದು. ಎದ್ದು ಹೋಗಿ 'ಇವನು ನಿಮ್ಮವನೇನಪ್ಪ?' ಎಂದು ಕೇಳುವುದು ಬಿಟ್ಟು ವಿಚಾರಿಸಿ ತಿಳಿಸಿ ಎಂದು ಗದಗಿಗೆ ಕಾಗದ ಬರೆದಿದ್ದಾರೆ.

ಕಾಗದಕ್ಕೊಂದು ಬಾಲ. ತಾಯಿ-ಮಗನ ಫೋನ್ ಮಾತು ಕದ್ದು ಕೇಳಿ ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿದ್ದು. ಏಳು ಪುಟ. ಅದರಲ್ಲಿ ಒಂದು ಮಾತಿಗೆ ಹಳದಿ ಗೆರೆ, ನಲವತ್ತೊಂದು ಕಡೆ. 'ಖಬರಿ ಗಡಿ.'

ಕೆಳಗೆ ಟಿಪ್ಪಣಿ: 'ಖಬರಿ — ಹಿಂದಿಯಲ್ಲಿ ಗುಪ್ತ ಮಾಹಿತಿದಾರ. ಗಡಿ — ಕನ್ನಡದಲ್ಲಿ ದೇಶದ ಸೀಮೆ. ಗಡಿಯ ಮಾಹಿತಿದಾರ ಎಂಬ ಸಂಕೇತನಾಮ. ಮಹಿಳೆ ಆದೇಶ ನೀಡುವ ದನಿಯಲ್ಲಿ ಮಾತನಾಡುತ್ತಾಳೆ.'

ಮೊದಲು ನಗು ಬಂತು. ಆಮೇಲೆ ಸಿಟ್ಟು. ತಾಯಿ ಮಗನ ಹತ್ತಿರ ಇನ್ನಾವ ದನಿಯಲ್ಲಿ ಮಾತಾಡಬೇಕು? ಅರ್ಜಿ ಕೊಡುವ ದನಿಯಲ್ಲೇ? 'ಹತ್ತಿ ಬಂದೈತಿ' ಎಂದದ್ದಕ್ಕೂ ಒಂದು ಟಿಪ್ಪಣಿ ಇದೆ. 'ಹಾಥಿ, ಅಂದರೆ ಆನೆ. ದೊಡ್ಡ ಸರಕು ಇರಬಹುದು.' ಥೂ.

ಕೊನೆಯ ಸಾಲು ಓದಿದ ಮೇಲೆ ನಗು ಪೂರ್ತಿ ಹೋಯಿತು. 'ಆ ದೇಶದ ಪೊಲೀಸರಿಗೂ ಈತನ ಬಗ್ಗೆ ಸುಳಿವು ನೀಡಲಾಗಿದೆ.'

ಅಂದರೆ, ನಮ್ಮ ಒಂದು ಕಚೇರಿಗಾಗಿ ಅಲ್ಲಿ ಕದ್ದು ನೋಡುವವನನ್ನು ನಮ್ಮದೇ ಇನ್ನೊಂದು ಕಚೇರಿ ಅಲ್ಲಿನ ಪೊಲೀಸರಿಗೆ ತೋರಿಸಿಕೊಟ್ಟಿದೆ.

೨೧-೧-೨೦೨೫, ಮಂಗಳವಾರ

ಇನ್ಸ್‌ಪೆಕ್ಟರ್ ವಿಶಾಲ ಅವರ ಮುಂದೆ ಎರಡೂ ಕಾಗದ ಇಟ್ಟೆ. ಮಂಡ್ಯ ಕಡೆಯ ಹುಡುಗ, ಒಳ್ಳೆಯವನೇ. ಬಂದು ಏಳು ತಿಂಗಳು.

'ಖಬರಗೇಡಿ ಅಂದ್ರೆ ಏನ್ರೀ ಮೇಡಂ?'

ಹೇಳಿದೆ. ನಕ್ಕರು. ಆಮೇಲೆ ಎದ್ದು ಬಾಗಿಲು ಹಾಕಿದರು.

'ಆ ಪದದ ಅರ್ಥ ಬೇಕಾದ್ರೆ ಬರೀರಿ. ಮೊದಲನೇ ಲೆಟರ್ ವಿಷಯ ಇದಕ್ಕೆ ಉತ್ತರದಲ್ಲಿ ಬರೋ ಹಾಗಿಲ್ಲ. ಅದು ಸೀಕ್ರೆಟ್.'

'ಇಬ್ರೂ ದಿಲ್ಲಿಯವ್ರ ಅಲ್ರಿ ಸರ? ಸರಕಾರ ಒಂದ ಅಲ್ರಿ?'

'ಸರ್ಕಾರ ಒಂದೇ. ಆದ್ರೆ ಅವ್ರು ಇವ್ರಿಗೆ ಹೇಳಲ್ಲ, ಇವ್ರು ಅವ್ರಿಗೆ ಹೇಳಲ್ಲ. ಅವ್ರವ್ರೇ ಹೇಳ್ಕೊಳ್ದೇ ಇರೋದನ್ನ ಗದಗದಿಂದ ನಾವು ಹೇಳೋಕಾಗುತ್ತಾ? ನಿಮ್ ಕೆಲಸನೂ ಹೋಗುತ್ತೆ, ನಂದೂ ಹೋಗುತ್ತೆ. ಮೇಲೆ ತಿಂಗಳಿಗೊಂದು ಸಮನ್ವಯ ಸಭೆ ಇರುತ್ತಲ್ಲ, ಅಲ್ಲಿ ಗೊತ್ತಾಗುತ್ತೆ ಬಿಡಿ.'

ಸಮನ್ವಯ ಸಭೆ! ಅದರ ಸುತ್ತೋಲೆ ವರ್ಷಕ್ಕೊಂದು ನಮಗೂ ಬರುತ್ತದೆ. 'ಎಲ್ಲ ಕಚೇರಿಗಳೂ ಮಾಹಿತಿ ಹಂಚಿಕೊಳ್ಳತಕ್ಕದ್ದು.' ಅವರು ಹಂಚಿಕೊಳ್ಳುವುದು ಗೋಡಂಬಿ ತಟ್ಟೆ ಇರಬೇಕು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಸಿಕ್ಕಿ ಹರಿದುಹೋಗುವವನು ಮಾತ್ರ ಲಕ್ಷ್ಮೇಶ್ವರದ ಹುಡುಗ.

ಪದದ ಅರ್ಥವಷ್ಟೇ ಬರೆದು ಕಳಿಸಿದೆ. ಉತ್ತರ ಕರ್ನಾಟಕದ ತಾಯಂದಿರು ಮಕ್ಕಳಿಗೆ ಸಾಮಾನ್ಯವಾಗಿ ಬಳಸುವ ಮಾತು, ಸಂಕೇತನಾಮವಲ್ಲ. ಅರ್ಜೆಂಟ್ ಎಂದು ಕೆಂಪು ಶಾಯಿಯಲ್ಲಿ ಬರೆದೆ.

೨೪-೧-೨೦೨೫, ಶುಕ್ರವಾರ

ಬೆಂಗಳೂರಿನಿಂದ ಫೋನು. ಎ.ಎಸ್.ಐ. ಒಬ್ಬರ ಮಾತು, ಅಂದರೆ ನನ್ನ ಮಾತು, ನಂಬಿ ಬರೆಯಲಾಗದು, ನಿಘಂಟಿನ ಆಧಾರ ಬೇಕಂತೆ.

ನಾಗಾವಿಗೆ ಹೋದೆ, ಯೂನಿವರ್ಸಿಟಿ ಲೈಬ್ರರಿಗೆ. ಶೃತಿ ಎಂಬ ಉಪನ್ಯಾಸಕಿ ಸಿಕ್ಕರು, ಚಿಕ್ಕ ವಯಸ್ಸು. ಈ ಮಾತಿಗೆ ಆಧಾರ ಹುಡುಕಿ ಎಂದದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. 'ನಮ್ಮವ್ವನ್ನ ಕರ್ಕೊಂಡ ಬರ್ಲೇನ್ರಿ ಆಧಾರಕ್ಕ? ದಿನಾ ಮುಂಜಾನೆ ಅಂತಾಳ ನನಗ.' ಆದರೂ ಮೂರು ದಪ್ಪ ಪುಸ್ತಕ ಇಳಿಸಿ ಹುಡುಕಿದರು. ಸಿಕ್ಕಿತು. ಜೆರಾಕ್ಸ್ ಮಾಡಿಸಿ ಕೊಟ್ಟರು. 'ಯಾತಕ್ಕ ಬೇಕ್ರಿ ಇದು?' ಎಂದರು. ಸ್ಪರ್ಧೆಗೆ ಎಂದೆ.

ಬರುವಾಗ ಬಸ್ಸಿನಲ್ಲಿ ಮೂರು ಸಲ ಹಸೀನಾಬಿ ನಂಬರ್ ತೆಗೆದೆ. ಶುಕ್ರವಾರ ಆ ಚಾದಂಗಡಿಗೆ ಹೋಗಬೇಡ ಎಂದು ಮಗನಿಗೆ ಹೇಳಿ — ಇಷ್ಟು ಸಾಕಿತ್ತು. ಆದರೆ ಆ ಫೋನು ಕೇಳುತ್ತಿದ್ದಾರೆ. ನನ್ನ ದನಿಯೂ ಏಳು ಪುಟದಲ್ಲಿ ಬರುತ್ತದೆ. ಎದುರಿಗೇ ಹೋಗಿ ಹೇಳಬಹುದಿತ್ತಲ್ಲ? ಬಸ್ಸಿದೆ. ಒಂದು ತಾಸಿನ ದಾರಿ.

ಹೋಗಲಿಲ್ಲ. ಸರ್ವಿಸು ಆರು ವರ್ಷ ಬಾಕಿ. ನನಗೂ ದಿಲ್ಲಿಯವರಿಗೂ ಏನು ಫರಕು?

೩-೨-೨೦೨೫, ಸೋಮವಾರ

ನಿಘಂಟಿನ ಪುಟ ವಾಪಸು ಬಂತು. ಕನ್ನಡದಲ್ಲಿದೆ, ದಿಲ್ಲಿಯಲ್ಲಿ ಓದಲು ಬಾರದು. 'ಅಧಿಕೃತ ಹಿಂದಿ ಅನುವಾದ ಲಗತ್ತಿಸಿ.'

ಗಡಿ ಎಂದರೆ ಸೀಮೆ ಎಂದು ಓದಲು ಬಂದಿತ್ತಲ್ಲ?

ಅನುವಾದ ಮಾಡಿಸಿ, ಸೀಲು ಹಾಕಿಸಿ, ಬುಧವಾರ ಹೋಗುತ್ತದೆ.

೧೦-೨-೨೦೨೫, ಸೋಮವಾರ. ಬೆಳಿಗ್ಗೆ ೭

ಹಸೀನಾಬಿ.

'ಅಕ್ಕಾರ, ಶುಕ್ರವಾರದಿಂದ ತನ್ವೀರನ ಫೋನ್ ಹತ್ತವಲ್ದು. ರೂಮಿನ್ಯಾಗ ಇರೂ ಹುಡುಗ, ಜಾವೀದ ಅಂತ, ಈಗ ಮಾಡಿದ್ದ. ಚಾ ಕುಡಿಯಾಕ ಹೋದಲ್ಲಿ ಪೊಲೀಸ್ರು ಎತ್ಗೊಂಡ ಹೋಗ್ಯಾರಂತ. ಗೂಢಚಾರಕಿ ಕೇಸಂತ. ಆ ದಿಲ್ಲಿ ದೋಸ್ತ ಅವತ್ತ ಬಂದಽ ಇಲ್ಲಂತ್ರಿ. ಅವ್ರ ನಂಬರೂ ಹತ್ತವಲ್ದು. ನಮ್ಮ ಹುಡುಗ ಏನ್ ಗೂಢಚಾರಕಿ ಮಾಡ್ತಾನ್ರಿ, ಅವನಿಗೆ ತನ್ನ ಪಾಕೀಟ ಎಲ್ಲೈತಿ ಅಂತ ಗೊತ್ತಿರಂಗಿಲ್ಲ.'

ಅಳಲಿಲ್ಲ. 'ನಿಮ್ಮನ್ನ ಬಿಟ್ರ ಸರಕಾರದಾಗ ನನಗ ಯಾರೂ ಗುರ್ತಿಲ್ರಿ' ಎಂದರು.

ಆ ದೋಸ್ತ ಬರಲಿಲ್ಲ. ಅಂದರೆ ಹಿಡಿಯುತ್ತಾರೆಂದು ಅವನಿಗೆ ಮೊದಲೇ ಗೊತ್ತಾಗಿತ್ತು. ತನ್ನನ್ನು ಉಳಿಸಿಕೊಂಡ. ಹುಡುಗನಿಗೆ ಒಂದು ಮಾತು ಹೇಳಲಿಲ್ಲ.

ನಾನೂ ಹೇಳಲಿಲ್ಲ.

೧೩-೨-೨೦೨೫, ಗುರುವಾರ. ಆಫೀಸು

ಮೂರನೇ ಕಾಗದ. ಇದನ್ನು ಓದುವಾಗ ಕೈ ತೊಳೆದುಕೊಳ್ಳಬೇಕೆನಿಸಿತು.

ಹೊರಗಿನ ಕಚೇರಿ, ಒಳಗಿನ ಕಚೇರಿ ಎರಡರ ಸಹಿಯೂ ಒಂದೇ ಹಾಳೆಯ ಮೇಲೆ. ಇಪ್ಪತ್ತೇಳು ವರ್ಷದಲ್ಲಿ ಇಂಥದ್ದು ನೋಡಿದ್ದು ಇದೇ ಮೊದಲು. ಸಮನ್ವಯ ಸಭೆ ಸೇರಿತ್ತಂತೆ, ಅಲ್ಲಿ ಎಲ್ಲರೂ ಒಪ್ಪಿದರಂತೆ. ಸದರಿ ವ್ಯಕ್ತಿಯ ಬಗ್ಗೆ ಭಾರತದ ಯಾವ ಕಚೇರಿಗೂ ಯಾವತ್ತೂ ಆಸಕ್ತಿ ಇರಲಿಲ್ಲ. ಹಿಂದಿನ ಪತ್ರಗಳಿದ್ದರೆ ಮೂಲಪ್ರತಿ ವಾಪಸು ಮಾಡಿ. ಯಾರೂ ವಿಚಾರಿಸಲು ಬಂದಿರಲಿಲ್ಲ ಎಂದು ಕುಟುಂಬದಿಂದ ಲಿಖಿತ ಹೇಳಿಕೆ ಪಡೆಯಿರಿ.

ಹುಡುಗನನ್ನು ಉಳಿಸಲು ಸೇರಲಾಗದವರು ಕೈಬಿಡಲು ಸೇರಿದರು. ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ ಎನ್ನುತ್ತಾರೆ. ಇವರು ಹೊಳೆಯ ನಡುವೆಯೇ ಅಂಬಿಗನನ್ನು ನೂಕಿದರು.

ವಿಶಾಲ ಸಾಹೇಬರ ಹತ್ತಿರ ಹೋದೆ. ತಲೆ ಎತ್ತಲಿಲ್ಲ.

'ನಮ್ಮಾವಾ ಅಂತ ಯಾರರ ಅಂದ್ರ ಏನಾಕ್ಕತ್ರಿ ಸರ?'

'ನಮ್ಮವನು ಅಂದ್ರೆ ಎರಡು ಸರ್ಕಾರ ಕೂತು ಮಾತಾಡ್ತಾರೆ. ಕೊಟ್ಟು ತಗೊಳ್ಳೋದು ನಡಿಯುತ್ತೆ. ಒಂದೆರಡು ವರ್ಷಕ್ಕೆ ಬಿಟ್ಟಾರು.'

'ಅನ್ನಲಿಲ್ಲಂದ್ರ?'

'ಅಲ್ಲೇ ಇರ್ತಾನೆ.' ಡ್ರಾಯರಿನಿಂದ ಒಂದು ಹಾಳೆ ತೆಗೆದಿಟ್ಟು, 'ಸ್ಟೇಟ್‌ಮೆಂಟ್ ನಾನು ಟೈಪ್ ಮಾಡಿಸಿದ್ದೀನಿ ಮೇಡಂ. ನಿಮ್ಮನ್ನ ನಂಬ್ತಾರೆ ಅವ್ರು, ನೀವೇ ಹೋಗಿ ಸಹಿ ತಗೊಂಡು ಬನ್ನಿ' ಎಂದರು.

೧೮-೨-೨೦೨೫, ಮಂಗಳವಾರ. ಲಕ್ಷ್ಮೇಶ್ವರ ಬಸ್ ಸ್ಟ್ಯಾಂಡ್, ಸಂಜೆ ೪-೧೫

ಗದಗಿನ ಎರಡು ಬಸ್ಸು ಬಿಟ್ಟೆ. ಹತ್ತಲಿಲ್ಲ.

ಮನೆ ಹೊಕ್ಕಾಗ ಪಡಸಾಲೆ ಗುಡಿಸಿತ್ತು, ಹತ್ತಿ ಕಾಣಲಿಲ್ಲ. ಗಾದಿ ಹೊಲಿಯುವುದು ನಿಂತಿದೆ. ಬೀಗರು ಲಗ್ನ ಮುಂದೂಡೋಣ ಎಂದಿದ್ದಾರಂತೆ, ಫರ್ಹಾನಾ ಒಳಗಿಂದ ಹೊರಗೆ ಬರಲಿಲ್ಲ. ಹಸೀನಾಬಿ ಮಾತ್ರ ನನ್ನನ್ನು ಕಂಡು ಎದ್ದು ನಿಂತರು. 'ಏನರ ಖಬರ ಬಂತೇನ್ರಿ ಅಕ್ಕಾರ?' ಚಾ ಇಟ್ಟರು. ಕುಡಿದೆ. ಕುಡಿದ ಮೇಲೆ ಕಾಗದ ತೆಗೆದೆ, ಅಷ್ಟೂ ನಾಚಿಕೆಗೇಡಿ ನಾನು.

ನಾಲ್ಕನೇ ಇಯತ್ತೆವರೆಗೆ ಶಾಲೆ ಓದಿದವರು. ಸಹಿ ಎಲ್ಲಿ ಎಂದು ಕೇಳುತ್ತಾರೆಂದುಕೊಂಡಿದ್ದೆ. ಕೇಳಲಿಲ್ಲ. ಬೆಳಕಿಗೆ ಹಿಡಿದು, ಅಕ್ಷರದ ಕೆಳಗೆ ಬೆರಳಿಟ್ಟು ಓದತೊಡಗಿದರು. 'ನನ್ನ ಮಗನ ಬಗ್ಗೆ ವಿಚಾರಿಸಲು... ಸರಕಾರದ ಯಾವ ಅಧಿಕಾರಿಯೂ... ನಮ್ಮ ಮನೆಗೆ... ಯಾವತ್ತೂ... ಬಂದಿ-ರು-ವು-ದಿಲ್ಲ.'

ನನ್ನ ಮುಖ ನೋಡಿದರು. ಕಾಗದ ನೋಡಿದರು.

'ಯಾರೂ ಬಂದಿಲ್ಲಂತ ಬರದೈತ್ರಿ ಇದ್ರಾಗ.'

'ಹೌದ್ರಿ.'

'ಹಂಗಾರ ನೀವು ಯಾರ್ರಿ ಅಕ್ಕಾರ?'

ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾಗಿಯೂ ತಿಳಿಯದೆ ಕೇಳಿದರು. ನನ್ನ ಕೈಯಲ್ಲಿ ಅವರ ಕಪ್ಪು ಇನ್ನೂ ಬೆಚ್ಚಗಿತ್ತು.

'ಸಹಿ ಮಾಡಿದ್ರ ಅವಾ ಬರ್ತಾನಂದ್ರ ಮಾಡ್ತೀನ್ರಿ' ಎಂದರು. 'ಸುಳ್ಳಿದ್ರೂ ಮಾಡ್ತೀನಿ. ಬರ್ತಾನೇನ್ರಿ?'

'ಬರೂದಿಲ್ರಿ. ಮಾಡಬ್ಯಾಡ್ರಿ' ಎಂದೆ.

ಆಮೇಲೆ ಎಲ್ಲ ಹೇಳಿದೆ. ನವೆಂಬರಿನ ಕಾಲಂಗಳು, ಚಾದ ದೋಸ್ತ, ಏಳು ಪುಟ, ನಾನು ಹತ್ತದ ಬಸ್ಸು. ಅವರು ನಡುವೆ ಒಂದೇ ಸಲ ಬಾಯಿ ತೆರೆದರು. 'ನಾ ಬೈದದ್ದಕ್ಕ ಹಿಂಗಾತೇನ್ರಿ?' ಅಲ್ಲ ಎಂದೆ, ಮೂರು ನಾಲ್ಕು ಸಲ ಅಲ್ಲ ಎಂದೆ. ನಂಬಿದರೋ ಇಲ್ಲವೋ. ಬಾಗಿಲವರೆಗೂ ಕಳಿಸಲು ಬರಲಿಲ್ಲ. ಬಂದಿದ್ದರೆ ಇನ್ನೂ ಕಷ್ಟವಾಗುತ್ತಿತ್ತು.

ಮೂಲಪ್ರತಿಗಳು ನಿನ್ನೆಯೇ ದಿಲ್ಲಿಗೆ ಹೋಗಿವೆ. ಉಳಿದ ಸಾಕ್ಷಿ ನಾನೊಬ್ಬಳು. ಗದಗಿನಲ್ಲಿ ಶಫೀಕ ವಕೀಲರಿದ್ದಾರೆ, ಈಗಷ್ಟೇ ಫೋನಿನಲ್ಲಿ ಕೇಳಿದೆ. ವಿಚಾರಣೆಗೆ ಹೋದವರೇ ಬರೆದುಕೊಟ್ಟ ಒಂದು ಕಾಗದ ಕೈಯಲ್ಲಿದ್ದರೆ ಹೈಕೋರ್ಟಿಗೆ ಒಯ್ಯಬಹುದು ಎಂದರು. ಕೋರ್ಟು ಕೇಳಿದರೆ ಯಾರಾದರೂ ಒಬ್ಬರು ನಮ್ಮವನು ಎನ್ನಲೇಬೇಕಾದೀತು. ನೌಕರಿ ಹೋಗುತ್ತದೆ. ಜೈಲೂ ಇರಬಹುದು. ಸುಭಾಷ ಅವರಿಗೆ ಇನ್ನೂ ಹೇಳಿಲ್ಲ.

ಸಾಹೇಬರು ಟೈಪು ಮಾಡಿಸಿದ ಹಾಳೆಯ ಹಿಂಬದಿ ಖಾಲಿ ಇದೆ. ಅದರಲ್ಲೇ ಬರೆಯುತ್ತೇನೆ. ತಪ್ಪಾಗಬಾರದು, ಮೊದಲು ಇಲ್ಲಿ ಕರಡು —

ನಾನು, ರೋಜಾ ತಿರಕಪ್ಪ ಬಾರಕೇರ, ಎ.ಎಸ್.ಐ., ಸ್ವಂತ ಇಚ್ಛೆಯಿಂದ ಬರೆದುಕೊಡುವುದೇನೆಂದರೆ, ದಿನಾಂಕ ೬-೧೧-೨೦೨೪ರಂದು ಹಸೀನಾಬಿ ನದಾಫ ಇವರ ಮನೆಗೆ ವಿಚಾರಣೆಗೆ ಹೋದವಳು ನಾನು. ಇವರ ಮಗ ತನ್ವೀರ ನಂಬಿಕೆಗೆ ಅರ್ಹ ಎಂದು ಬರೆದವಳೂ ನಾನು. ನನ್ನನ್ನು ಕಳಿಸಿದ ಕಚೇರಿಯ ಹೆಸರು